‘ಶರಪಂಜರ’ದ ತ್ರಿವೇಣಿ

ಕಾದಂಬರಿ ಓದಿ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಬಿ.ಎ. ಎರಡನೆಯ ವರ್ಷದ ದಸರೆಯ ರಜೆಯಲ್ಲಿ ಆ ನಗು ನಿಂತುಹೋಯಿತು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಬೇಕೆಂದ ಪುಸ್ತಕ ಸಿಗದೆ, ಬರಿಗೈಯಲ್ಲಿ ಹೋಗುವುದು ಬೇಡವೆಂದು, ರಟ್ಟು ಕಿತ್ತುಹೋಗಿದ್ದ ಒಂದು ಪುಸ್ತಕವನ್ನು ತೆಗೆದುಕೊಂಡಿದ್ದೆ. ಅದು ತ್ರಿವೇಣಿಯವರ ‘ಶರಪಂಜರ’. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ನಮ್ಮೂರ ಬಸ್ಸಿಗೆ ಕಾಯುತ್ತ ಮೊದಲ ಪುಟ ತೆರೆದೆ. ಮರುದಿನ ಮಧ್ಯಾಹ್ನಕ್ಕೆ ಕೊನೆಯ ಪುಟ ಮುಗಿಯಿತು. ಮುಗಿದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಪುಸ್ತಕವನ್ನು ಹಾಸಿಗೆಯ ಸುರುಳಿಯೊಳಗೆ ಬಚ್ಚಿಟ್ಟದ್ದು. ಬಚ್ಚಿಡುವುದಕ್ಕೆ ನಮ್ಮ ಮನೆಯಲ್ಲಿ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಬರೆದಾಕೆಯ ಜೀವನವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ತ್ರಿವೇಣಿಯವರು ಹುಟ್ಟಿದ್ದು ೧೯೨೮ರ ಸೆಪ್ಟೆಂಬರ್ ೧ರಂದು, ಮೈಸೂರಿನಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಹುಟ್ಟಿದಾಗ ಇಟ್ಟ ಹೆಸರು ಭಾಗೀರಥಿ. ಶಾಲೆಯಲ್ಲಿ ಅನಸೂಯ. ಮದುವೆಯಾದ ಮೇಲೆ ಅನಸೂಯಾ ಶಂಕರ್. ಒಂದು ನದಿಯ ಹೆಸರಿನಿಂದ ಹೊರಟು ಮೂರು ನದಿಗಳು ಕೂಡುವ ಹೆಸರಿಗೆ ಬಂದು ನಿಂತವರು ತಮ್ಮ ಅತ್ಯಂತ ದುಃಖಿನಿಯಾದ ನಾಯಿಕೆಗೂ ಕಾವೇರಿ ಎಂದೇ ಹೆಸರಿಟ್ಟರು. ಇದು ನನ್ನ ಲೆಕ್ಕವಷ್ಟೆ. ಆಕೆ ಬೇಕೆಂದು ಮಾಡಿದ್ದೆಂದು ನಾನು ಹೇಳುವುದಿಲ್ಲ.

ಕನ್ನಡದಲ್ಲಿ ಹೊಸ ಕವಿತೆಯ ಹಾದಿಯನ್ನು ತೆರೆದ ಬಿ.ಎಂ. ಶ್ರೀಕಂಠಯ್ಯನವರು ಕೃಷ್ಣಸ್ವಾಮಿಯವರ ಸೋದರರು. ಅಂದರೆ ತ್ರಿವೇಣಿಯವರು ಬಿ.ಎಂ.ಶ್ರೀಯವರ ಸೋದರನ ಮಗಳು. ‘ಇಂಗ್ಲಿಷ್ ಗೀತಗಳು’ ಕೊಟ್ಟ ಆ ಹಿರಿಯರು ೧೯೪೬ರಲ್ಲಿ ತೀರಿಕೊಂಡಾಗ ಈ ಹುಡುಗಿಗೆ ಹದಿನೇಳು ವರ್ಷ. ಇಂಥ ಮನೆತನದಲ್ಲಿ ಹುಟ್ಟಿದವರಿಗೆ ಪುಸ್ತಕವೆಂಬುದು ಅಡುಗೆಮನೆಯ ಉಪ್ಪಿನಂತೆ ಕೈಗೆ ಸಿಗುವ ವಸ್ತುವಾಗಿದ್ದಿರಬೇಕು. ನಮ್ಮ ಮನೆಯಲ್ಲಿ ನಾನು ಶಾಲೆಗೆ ಹೋಗುವ ತನಕ ಇದ್ದ ಪುಸ್ತಕಗಳು ಎರಡೇ: ಗೋಡೆಗೆ ತೂಗುಹಾಕಿದ ಪಂಚಾಂಗ, ಸೊಸೈಟಿಯ ಪಾಸ್‌ಬುಕ್. ಹೊಟ್ಟೆಕಿಚ್ಚಿನಿಂದ ಹೇಳುವ ಮಾತಲ್ಲ ಇದು. ಅಷ್ಟು ದೂರದ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ನಮ್ಮ ಮನೆಯ ಪಡಸಾಲೆಯಲ್ಲಿ ನಡೆದದ್ದನ್ನು ನಾನು ಹುಟ್ಟುವ ನಾಲ್ವತ್ತು ವರ್ಷ ಮೊದಲೇ ಹೇಗೆ ಬರೆದಿಟ್ಟಳು ಎಂಬುದು ನನಗೆ ಇಂದಿಗೂ ವಿಸ್ಮಯ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆಕೆ ಆರಿಸಿಕೊಂಡದ್ದು ಮನಶ್ಶಾಸ್ತ್ರ. ಆ ಕಾಲೇಜಿನ ಮನಶ್ಶಾಸ್ತ್ರ ವಿಭಾಗವನ್ನು ೧೯೨೪ರಲ್ಲಿ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿಯವರು, ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದವರೂ ಅವರೇ. ಮನುಷ್ಯನ ಮನಸ್ಸನ್ನು ದೆವ್ವಕ್ಕೋ ಗ್ರಹಕ್ಕೋ ಬಿಟ್ಟುಕೊಡದೆ, ಅಳೆದು ನೋಡಿ ತಿಳಿಯಬಹುದೆಂದು ಕಲಿಸುವ ವಿಭಾಗ ಅದು. ೧೯೪೭ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಅನಸೂಯ ಚಿನ್ನದ ಪದಕದೊಡನೆ ಬಿ.ಎ. ಮುಗಿಸಿದರು. ಕೆಲಕಾಲ ಶಿಕ್ಷಕಿಯಾಗಿದ್ದರು. ಇಂಗ್ಲಿಷ್ ಅಧ್ಯಾಪಕರಾದ ಎಸ್.ಎನ್. ಶಂಕರ್ ಅವರ ಕೈಹಿಡಿದರು. ಉಬ್ಬಸದ ಬೇನೆ ಬೆನ್ನು ಬಿಡದೆ ಕಾಡುತ್ತಿತ್ತು. ಉಬ್ಬಸವಿದ್ದವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ರಾತ್ರಿ ಮಲಗಲಾರದೆ ಕುಳಿತೇ ಬೆಳಗು ಮಾಡುವುದೆಂದರೇನೆಂದು.

ಮೊದಲ ಕಾದಂಬರಿ ‘ಅಪಸ್ವರ’ ೧೯೫೩ರಲ್ಲಿ ಬಂತು. ಆಗ ನಮ್ಮ ರಾಣೆಬೆನ್ನೂರು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯ ಊರು. ಮೈಸೂರು ಬೇರೆಯೇ ರಾಜ್ಯ. ೧೯೫೬ರಲ್ಲಿ ಎರಡೂ ಒಂದಾದವು. ಹಾವೇರಿ ಜಿಲ್ಲೆ ಹುಟ್ಟಿದ್ದಂತೂ ೧೯೯೭ರಲ್ಲಿ. ಆಕೆಯ ಬರವಣಿಗೆಯ ಕಾಲವೆಲ್ಲ ಹತ್ತೇ ವರ್ಷ. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿಗಳು, ಮೂರು ಕಥಾಸಂಕಲನಗಳು. ‘ಬೆಕ್ಕಿನ ಕಣ್ಣು’, ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ದೂರದ ಬೆಟ್ಟ’, ‘ಕೀಲುಗೊಂಬೆ’, ‘ಮುಕ್ತಿ’, ‘ಅವಳ ಮನೆ’ ಎಂದು ಹೆಸರುಗಳನ್ನು ಹೇಳುತ್ತ ಹೋದರೆ ನಮ್ಮ ಅಧ್ಯಾಪಕರಲ್ಲಿ ಹಲವರಿಗೆ ತಮ್ಮ ತಾಯಂದಿರು ನೆನಪಾಗಬಹುದು.

ನಮ್ಮ ಜಿಲ್ಲೆಯವರೇ ಆದ ಗಳಗನಾಥರನ್ನು ಬಿಟ್ಟು ಮೈಸೂರಿನ ಲೇಖಕಿಯನ್ನೇಕೆ ಹಿಡಿದೆ ಎಂದು ಗುರುಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ೧೯೪೨ರಲ್ಲಿ ತೀರಿಕೊಂಡ ಆ ಮಹನೀಯರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಈ ಭಾಗದ ಜನಕ್ಕೆ ಓದುವ ಗೀಳು ಹಚ್ಚಿದವರು. ಅವರ ಮೇಲೆ ನನಗೆ ಭಕ್ತಿಯಿದೆ. ಆದರೆ ಅವರ ವೀರರು ಕುದುರೆಯ ಮೇಲೆ ಬರುತ್ತಾರೆ. ನನಗೆ ಬೇಕಾಗಿದ್ದುದು ನಮ್ಮ ಪಡಸಾಲೆಯಲ್ಲಿ ಮಾತಿಲ್ಲದೆ ಕುಳಿತಿದ್ದವಳ ಕಥೆ.

ತ್ರಿವೇಣಿಯವರು ಬರೆಯುತ್ತಿದ್ದ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಮನಸ್ಸು ಕೆಟ್ಟವರಿಗಾಗಿ ಇದ್ದ ಕಾನೂನು ಬ್ರಿಟಿಷರು ೧೯೧೨ರಲ್ಲಿ ಮಾಡಿದ್ದು. ಅದರ ಹೆಸರೇ ಹುಚ್ಚಿನ ಕಾಯಿದೆ. ೧೯೮೭ರಲ್ಲಿ ಬೇರೆ ಕಾಯಿದೆ ಬರುವ ತನಕ ಅದೇ ನಡೆಯಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಇವೆರಡೂ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಆದವು. ಮನೋರೋಗಕ್ಕೆ ನಿಜವಾಗಿ ನಾಟುವ ಮೊದಲ ಮಾತ್ರೆ, ಕ್ಲೋರ್‌ಪ್ರೊಮಜಿನ್, ೧೯೫೨ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದು, ಆಮೇಲೆ ನಮ್ಮ ದೇಶಕ್ಕೂ ಬಂತು. ಅಂದರೆ ಆಸ್ಪತ್ರೆಗೆ ಹೋದವರು ವಾಸಿಯಾಗಿ ಮನೆಗೆ ಮರಳುವುದು ಹೆಚ್ಚಾಗತೊಡಗಿದ ಕಾಲ ಅದು. ಹೋಗುವವರ ಕಥೆ ಎಲ್ಲರಿಗೂ ಗೊತ್ತಿತ್ತು. ಮರಳಿ ಬಂದವರನ್ನು ಏನು ಮಾಡಬೇಕೆಂಬುದು ಮನೆಯವರಿಗೆ ಗೊತ್ತಿರಲಿಲ್ಲ. ಅದೇ ಕಾಲದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ ಎಂಬವರು ಆವರಣದಲ್ಲಿ ಡೇರೆ ಹೊಡೆಸಿ, ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ಮಾಡಿದರು. ಮಗನಿಗೆ ಕೊಡುವ ಮದ್ದಿನೊಡನೆ ತಾಯಿಗೆ ಧೈರ್ಯವನ್ನೂ ಕೊಡಬೇಕಾಗಿತ್ತು. ದೂರದ ಅಮೃತಸರದಲ್ಲಿ ವೈದ್ಯರೊಬ್ಬರು ಡೇರೆಯಲ್ಲಿ ಮಾಡುತ್ತಿದ್ದುದನ್ನು ಮೈಸೂರಿನಲ್ಲಿ ಈಕೆ ಕಾಗದದ ಮೇಲೆ ಮಾಡಿದರೆನಿಸುತ್ತದೆ.

‘ಶರಪಂಜರ’ದ ಕಾವೇರಿ ರೂಪವತಿ, ವಿದ್ಯಾವತಿ, ಗಂಡನ ಪ್ರೀತಿಗೆ ಪಾತ್ರಳಾದವಳು. ಎರಡನೆಯ ಹೆರಿಗೆಯಾದ ಮೇಲೆ ಆಕೆಯ ಚಿತ್ತ ಕದಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲಿ ಆಕೆ ಗುಣಮುಖಳಾಗುತ್ತಾಳೆ. ಬೇರೆ ಯಾರಾದರೂ ಬರೆದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತೋ ಏನೋ. ತ್ರಿವೇಣಿಯವರ ಕಥೆಯ ಜೀವ ಇರುವುದು ಇಲ್ಲಿಂದ ಮುಂದೆ. ಮನೆಗೆ ಬಂದ ಕಾವೇರಿ ನಕ್ಕರೆ ಸಂಶಯ, ಅತ್ತರೆ ಸಂಶಯ, ಸಿಟ್ಟು ಮಾಡಿದರಂತೂ ಮುಗಿಯಿತು. ಆಳುಕಾಳುಗಳು ಹೆದರುತ್ತಾರೆ. ನೆರೆಹೊರೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಗಂಡನ ಮನಸ್ಸು ಬೇರೊಬ್ಬಳ ಕಡೆ ತಿರುಗಿರುತ್ತದೆ. ವೈದ್ಯರು ವಾಸಿಮಾಡಿ ಕಳಿಸಿದವಳನ್ನು ಮನೆಯವರೆಲ್ಲ ಸೇರಿ ಮತ್ತೆ ಅಲ್ಲಿಗೇ ಕಳಿಸುತ್ತಾರೆ. ಒಬ್ಬರೂ ಬೇಕೆಂದು ಕೆಟ್ಟದ್ದು ಮಾಡಹೊರಟವರಲ್ಲ. ಅವರಿಗೆ ಹೆದರಿಕೆ, ಅಷ್ಟೆ. ಪುಸ್ತಕವನ್ನು ಓದುವಾಗ ನನ್ನ ಕೈ ನಡುಗಿದ್ದು ಈ ಕಾರಣಕ್ಕೆ: ಆ ಹೆದರಿದವರ ಸಾಲಿನಲ್ಲಿ ನಾನೂ ನಿಂತಿದ್ದೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಚಿಗವ್ವ, ಎಂದರೆ ಕಾಕಾನ ಹೆಂಡತಿ, ಹೆಣ್ಣು ಹಡೆದಳು. ಹದಿನೈದು ದಿನಕ್ಕೆ ನಿದ್ದೆ ಹೋಯಿತು. ಗೋಡೆಯ ಸಂಗಡ ಮಾತಾಡತೊಡಗಿದಳು. ಕೂಸು ತನ್ನದಲ್ಲವೆಂದಳು. ಹಿರಿಯರು ಬಾಣಂತಿ ಸನ್ನಿ ಎಂದರು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ, ಬೇಗ ಮದ್ದು ಮಾಡಿಸಿದರೆ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ನಾನು ಓದಿ ತಿಳಿದದ್ದು ಈಚೆಗೆ. ಆಗ ದೇವರು ಕೇಳಿಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು, ತಿಂಗಳು ಕಳೆಯಿತು. ಕಡೆಗೆ ಧಾರವಾಡಕ್ಕೆ ಕರೆದೊಯ್ದರು. ನಮ್ಮ ಕಡೆ ಧಾರವಾಡ ಎಂಬ ಹೆಸರಿಗೆ ಎರಡು ಅರ್ಥ. ನನಗೆ ಅದು ವಿಶ್ವವಿದ್ಯಾಲಯದ ಊರು, ಪೇಡೆಯ ಊರು. ಹಿರಿಯರು ಒಬ್ಬರನ್ನು ತೋರಿಸಿ ಇವರಿಗೆ ಧಾರವಾಡವೇ ಸರಿ ಎಂದರೆ ಅದರ ಅರ್ಥ ಬೇರೆ. ಬ್ರಿಟಿಷರ ಕಾಲದಿಂದಲೂ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ.

ಮೂರು ತಿಂಗಳ ಮೇಲೆ ಚಿಗವ್ವ ನೆಟ್ಟಗಾಗಿ ಬಂದಳು. ಊಟ, ನಿದ್ದೆ, ಮಾತ್ರೆ, ಎಲ್ಲ ಸರಿಯಾಗಿತ್ತು. ಆದರೆ ಕೂಸನ್ನು ಅವಳ ಕೈಗೆ ಯಾರೂ ಕೊಡಲಿಲ್ಲ. ಈಳಿಗೆಯನ್ನು ಅಟ್ಟದ ಮೇಲೆ ಇಟ್ಟರು. ಒಲೆಯ ಹತ್ತಿರ ಬರಗೊಡಲಿಲ್ಲ. ಅವಳು ಎದ್ದರೆ ಯಾರಾದರೊಬ್ಬರು ಏಳುತ್ತಿದ್ದರು. ಒಂದು ದಿನ ನಾನು ಶಾಲೆಗೆ ಹೊರಟಾಗ ಬಾ ತಲೆ ಬಾಚುತ್ತೇನೆ ಎಂದು ಕರೆದಳು. ಅವಳ ಕೈಯಲ್ಲಿ ಬಾಚಣಿಗೆ ಮಾತ್ರ ಇತ್ತು. ನಾನು ಚೀಲ ಬಿಟ್ಟು ಓಡಿದೆ. ಓಣಿಯ ಕೊನೆಗೆ ನಿಂತು ಹೊರಳಿ ನೋಡಿದಾಗ ಅವಳು ಬಾಚಣಿಗೆಯ ಹಲ್ಲುಗಳನ್ನು ಬೆರಳಿನಿಂದ ಸವರುತ್ತ ಕುಳಿತಿದ್ದಳು.

ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ನಮಗೆ ಬಳಗವೂ ಅಲ್ಲ, ನಮ್ಮ ಜಾತಿಯವಳೂ ಅಲ್ಲ. ಬ್ಯಾಡಗಿಯ ವ್ಯಾಪಾರಸ್ಥರಿಂದ ಮೆಣಸಿನಕಾಯಿ ತರಿಸಿ, ತೊಟ್ಟು ಬಿಡಿಸಿ, ಕಿಲೋದ ಲೆಕ್ಕದಲ್ಲಿ ಕೂಲಿ ಪಡೆಯುವುದು ಅವಳ ಉದ್ಯೋಗ. ಒಂದು ಮುಂಜಾನೆ ನಮ್ಮ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ, ಕೆಂಪನೆಯ ರಾಶಿ ಸುರಿದು, ಒಂದು ಬುಟ್ಟಿಯನ್ನು ಚಿಗವ್ವನ ಮುಂದೆ ನೂಕಿದಳು. ಹೇಗಿದ್ದೀ ಎಂದು ಕೇಳಲಿಲ್ಲ, ಏನಾಗಿತ್ತು ಎಂದೂ ಕೇಳಲಿಲ್ಲ. ಆ ವರ್ಷದ ದರ, ಬಾರದ ಮಳೆ, ಸೊಸೆಯ ಮೇಲಿನ ದೂರು, ಇವನ್ನೇ ಒಂದೇ ಸಮನೆ ಆಡಿದಳು. ಮರುದಿನವೂ ಬಂದಳು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೊರಗಿನವರು ಹೊಗಳುತ್ತಾರೆ. ತೊಟ್ಟು ಬಿಡಿಸುವವರಿಗೆ ಘಾಟು ಘಾಟೇ. ಚಿಗವ್ವನ ಕಣ್ಣಲ್ಲಿ ನೀರು ಇಳಿಯುತ್ತಿದ್ದರೆ ಅದು ಕಾಯಿಯ ಘಾಟೋ ಅಳುವೋ ಎಂದು ಯಾರೂ ಹೇಳುವಂತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ತಿಂಗಳೊಪ್ಪತ್ತು ಹೀಗೆ ನಡೆಯಿತು. ಒಂದು ಸಂಜೆ ಒಳಗೆ ಕೂಸು ಅಳುತ್ತಿತ್ತು. ಮುದುಕಿ ಬುಟ್ಟಿಯಿಂದ ಕಣ್ಣೆತ್ತದೆಯೇ, ಕೈಗೆ ಎಣ್ಣೆ ಸವರಿ ಚೊಕ್ಕ ತೊಳೆದುಕೊಂಡು ಹೋಗಿ ಎತ್ತಿಕೊ, ಖಾರದ ಕೈಲಿ ಮುಟ್ಟೀಯ ಮತ್ತೆ, ಎಂದು ಚಿಗವ್ವನಿಗೆ ಗದರಿದಳು. ದಿನವೂ ಆಗುವ ಕೆಲಸವೆಂಬಂತೆ ಗದರಿದಳು. ಚಿಗವ್ವ ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು. ನಮ್ಮ ಅವ್ವ ಬಾಗಿಲಲ್ಲಿ ನಿಂತಿದ್ದಳು. ಒಂದು ಗಳಿಗೆ ನಿಂತೇ ಇದ್ದಳು. ಆಮೇಲೆ ಸರಿದು ದಾರಿ ಬಿಟ್ಟಳು.

ಮುದುಕಿ ಈಗ ಇಲ್ಲ. ಇದನ್ನು ಬರೆಯಲು ಚಿಗವ್ವನ ಒಪ್ಪಿಗೆ ಕೇಳಿದೆ. ಹೆಸರು ಹಾಕಬೇಡವೆಂದಷ್ಟೇ ಹೇಳಿದಳು.

ಕಾವೇರಿಗೆ ಇಂಥ ಒಬ್ಬ ಮುದುಕಿಯನ್ನು ತ್ರಿವೇಣಿಯವರು ಕೊಡಲಿಲ್ಲ. ಕೊಡಬಾರದೆಂಬ ಕಲ್ಲೆದೆ ಆಕೆಯದಲ್ಲ ಎಂಬುದಕ್ಕೆ ‘ಬೆಳ್ಳಿಮೋಡ’ವೇ ಸಾಕ್ಷಿ. ಅಲ್ಲಿ ಇಂದಿರಾ ಮಲೆನಾಡಿನ ತೋಟದ ಒಡೆಯರ ಒಬ್ಬಳೇ ಮಗಳು. ಮೋಹನನೊಡನೆ ಅವಳ ಮದುವೆ ಗೊತ್ತಾಗಿರುತ್ತದೆ. ಅವನ ವಿದೇಶದ ಓದಿಗೆ ಹಣ ಕೊಟ್ಟವರು ಅವಳ ತಂದೆಯೇ. ಅಷ್ಟರಲ್ಲಿ ಎಷ್ಟೋ ವರ್ಷಗಳ ಮೇಲೆ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ತಮ್ಮನ ಪಾಲಾಯಿತೆಂದು ತಿಳಿದ ಮೋಹನ ಹಿಂದೆ ಸರಿಯುತ್ತಾನೆ. ತಾಯಿಯೂ ತೀರಿಕೊಳ್ಳುತ್ತಾಳೆ. ಆ ಕೂಸಿನಿಂದಲೇ ಇಂದಿರಾ ಎಲ್ಲವನ್ನೂ ಕಳೆದುಕೊಂಡಳು. ದ್ವೇಷಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ಆ ಕೂಸನ್ನೇ ಎದೆಗೆ ಅವಚಿಕೊಂಡು ತಾಯಿಯಾಗುತ್ತಾಳೆ, ಆ ಕೂಸಿನ ಆರೈಕೆಯಲ್ಲಿಯೇ ಅವಳ ಗಾಯ ಮಾಯುತ್ತದೆ. ಎಷ್ಟು ಮಾಯುತ್ತದೆಂದರೆ, ಮುಂದೆ ಅಪಘಾತದಲ್ಲಿ ಗಾಯಗೊಂಡ ಮೋಹನನ ಶುಶ್ರೂಷೆ ಮಾಡುವಷ್ಟು; ಅವನು ಪಶ್ಚಾತ್ತಾಪದಿಂದ ಮದುವೆಯಾಗೆಂದು ಬೇಡಿದಾಗ ಸಿಟ್ಟಿಲ್ಲದೆ ಒಲ್ಲೆನೆನ್ನುವಷ್ಟು. ಈ ಒಲ್ಲೆ ಎಂಬ ಮಾತಿನ ಬಗ್ಗೆ ನಮ್ಮ ತರಗತಿಯ ಹುಡುಗರಿಗೂ ನಮಗೂ ವಾರವಿಡೀ ಜಗಳ ನಡೆಯಿತು. ಕ್ಷಮಿಸಿದ ಮೇಲೆ ಮದುವೆಯಾಗಲೇನಡ್ಡಿ ಎಂಬುದು ಅವರ ವಾದ. ಅವರಿಗೆ ಅದು ಇನ್ನೂ ಬಗೆಹರಿದಿಲ್ಲ.

ತ್ರಿವೇಣಿಯವರಲ್ಲಿ ಕೊರತೆಗಳಿಲ್ಲವೆಂದು ನಾನು ವಾದಿಸಲಾರೆ. ಆಕೆಯ ಜಗತ್ತು ಬಹುಮಟ್ಟಿಗೆ ಓದಿದವರ, ಉಂಡುಟ್ಟು ಇರುವವರ ಜಗತ್ತು. ಹತ್ತಿಯ ಹೊಲದಲ್ಲಿ ಬೆನ್ನು ಬಗ್ಗಿಸುವ ಹೆಂಗಸು ಅಲ್ಲಿ ಸಿಗುವುದು ಕಷ್ಟ. ಪಾತ್ರಗಳ ಮಾತು ಕೆಲವೊಮ್ಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ. ಆದರೆ ಹೆಂಗಸರು ಬರೆದದ್ದನ್ನು, ಹೆಂಗಸರು ಓದುವುದನ್ನು ಅಡುಗೆಮನೆ ಸಾಹಿತ್ಯವೆಂದು ಪಂಡಿತರು ತಳ್ಳಿಹಾಕಿದರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಈಳಿಗೆಯನ್ನು ಅಟ್ಟಕ್ಕೆ ಹಾಕುವುದು ಅಡುಗೆಮನೆಯಲ್ಲಿಯೇ ಅಲ್ಲವೆ? ಅದನ್ನು ಬೇರೆಲ್ಲಿ ಕುಳಿತು ಬರೆಯಬೇಕಾಗಿತ್ತು?

ಇನ್ನು ಆಕೆಯ ಕೊನೆ. ೧೯೬೩ರ ಜುಲೈ ತಿಂಗಳಲ್ಲಿ ತ್ರಿವೇಣಿಯವರು ಹೆಣ್ಣು ಮಗುವಿಗೆ ಜನ್ಮವಿತ್ತರು. ಹತ್ತು ದಿನಗಳ ಮೇಲೆ, ಜುಲೈ ೨೯ರಂದು, ತೀರಿಕೊಂಡರು. ಮೂವತ್ತೈದು ತುಂಬಲು ಇನ್ನೂ ಒಂದು ತಿಂಗಳಿತ್ತು. ಹಸುಗೂಸನ್ನು ಬಿಟ್ಟು ಹೋಗುವ ತಾಯಿಯನ್ನು ‘ಬೆಳ್ಳಿಮೋಡ’ದಲ್ಲಿ ಬರೆದವರು, ಬಾಣಂತಿಯ ಸಂಕಟವನ್ನು ‘ಶರಪಂಜರ’ದಲ್ಲಿ ಬರೆದವರು, ತಾವೂ ಬಾಣಂತಿಯಾಗಿಯೇ ಹೋದರು. ಬರೆಯುತ್ತಿದ್ದ ‘ಅವಳ ಮಗಳು’ ಅರ್ಧಕ್ಕೆ ನಿಂತಿತು. ಅದನ್ನು ಎಂ.ಸಿ. ಪದ್ಮಾ ಅವರು ಮುಂದುವರಿಸಿ ಮುಗಿಸಿದರು.

ಆಕೆ ಕಾಣದ ಕೀರ್ತಿ ಆಮೇಲೆ ಬಂತು. ‘ಬೆಳ್ಳಿಮೋಡ’ವನ್ನು ೧೯೬೭ರಲ್ಲಿಯೂ ‘ಶರಪಂಜರ’ವನ್ನು ೧೯೭೧ರಲ್ಲಿಯೂ ಪುಟ್ಟಣ್ಣ ಕಣಗಾಲರು ಚಿತ್ರ ಮಾಡಿದರು. ಎರಡರಲ್ಲಿಯೂ ನಾಯಿಕೆ ಕಲ್ಪನಾ. ನಮ್ಮ ಅವ್ವನಂಥ ಓದುಬರಹ ಬಾರದವರಿಗೆ ಕಾವೇರಿ ಪರಿಚಯವಾದದ್ದು ಹೀಗೆ. ಸಿನಿಮಾದ ಕಾವೇರಿಗಾಗಿ ಅತ್ತ ಊರೇ ಮನೆಯ ಕಾವೇರಿಗೆ ಬಾಗಿಲು ಹಾಕಿದ್ದನ್ನು ನಾನು ಕಂಡಿದ್ದೇನೆ. ಇದನ್ನು ದೂರಾಗಿ ಹೇಳುತ್ತಿಲ್ಲ, ಓಡಿದವಳು ನಾನೇ ಆದ್ದರಿಂದ.

ಮೈಸೂರಿನ ಚಾಮರಾಜಪುರದಲ್ಲಿ ಆಕೆ ಬಾಳಿದ ಮನೆಯನ್ನು ಈಗ ಆಕೆಯ ನೆನಪಿನ ವಸ್ತುಸಂಗ್ರಹಾಲಯವಾಗಿ ಇರಿಸಿದ್ದಾರೆ. ನಾನು ಇನ್ನೂ ನೋಡಿಲ್ಲ. ಪರೀಕ್ಷೆ ಮುಗಿದ ಮೇಲೆ ಹೋಗುವ ಆಸೆಯಿದೆ.

ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟ ಪುಸ್ತಕ ಎರಡನೆಯ ದಿನವೇ ಚಿಗವ್ವನ ಕೈಗೆ ಸಿಕ್ಕಿತು. ಹಾಸಿಗೆ ಬಿಸಿಲಿಗೆ ಹಾಕುವವಳು ಅವಳೇ ಎಂಬುದು ನನಗೆ ಹೊಳೆದಿರಲಿಲ್ಲ. ಅವಳು ಏಳನೆಯ ಇಯತ್ತೆಯ ತನಕ ಓದಿದ್ದಾಳೆ. ನಾಲ್ಕು ದಿನ ಮಧ್ಯಾಹ್ನ ಕೆಲಸ ಮುಗಿಸಿ ಕಂಬಕ್ಕೆ ಒರಗಿ ಓದಿದಳು. ನಾನು ಎದುರಿಗೆ ಹೋಗದೆ ತಪ್ಪಿಸಿಕೊಂಡು ತಿರುಗಿದೆ. ಐದನೆಯ ದಿನ ಪುಸ್ತಕ ಹಿಂದೆ ಕೊಟ್ಟಳು. ಕಾವೇರಿಯ ಬಗ್ಗೆ ಏನೂ ಅನ್ನಲಿಲ್ಲ. ಬರೆದಾಕೆಗೆ ಮಕ್ಕಳಿದ್ದವೇ ಎಂದು ಕೇಳಿದಳು. ಹತ್ತು ದಿನದ ಕೂಸನ್ನು ಬಿಟ್ಟು ಹೋದರೆಂದೆ. ಗಂಡೋ ಹೆಣ್ಣೋ ಎಂದಳು. ಹೆಣ್ಣು ಎಂದೆ. ಬಹಳ ಹೊತ್ತು ಸುಮ್ಮನಿದ್ದು, ನನ್ನ ಕೂದಲು ಗಂಟಾಗಿದೆ, ಬಾ ಬಾಚುತ್ತೇನೆ ಎಂದಳು. ಅವಳ ಮುಂದೆ ಬೆನ್ನು ಮಾಡಿ ಕುಳಿತೆ. ಅವಳ ಮಗಳು, ಈಗ ಐದನೆಯ ಇಯತ್ತೆಯವಳು, ನನ್ನ ಪಾಳಿ ಮೊದಲು ಎಂದು ಜಗಳ ತೆಗೆದಳು.

ಪುಸ್ತಕವನ್ನು ಗ್ರಂಥಾಲಯಕ್ಕೆ ಹನ್ನೊಂದು ದಿನ ತಡವಾಗಿ ಹಿಂದಿರುಗಿಸಿ ದಂಡ ತೆತ್ತೆ. ಈಗ ಅದಕ್ಕೆ ಹೊಸ ರಟ್ಟು ಹಾಕಿಸಿದ್ದಾರೆ. ಕಿಟಕಿಯ ಪಕ್ಕದ ಕಪಾಟಿನ ಎರಡನೆಯ ಸಾಲಿನಲ್ಲಿದೆ, ಬೇಕಾದವರು ಒಯ್ಯಬಹುದು.